ಅಗ್ಗಿಷ್ಟಿಕೆಯೂ ಹೊಸ್ತಿಲೂ

ಶೀತದೇಶಗಳ ಮನೆಗಳಲ್ಲಿ ಬೆಂಕಿಗೆ ಸಲ್ಲುವ ಮರ್ಯಾದೆಯನ್ನು ಕುರಿತು ನಾನು ಪುಸ್ತಕಗಳಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡವನಾಗಿರಲಿಲ್ಲ. ಕೊಪ್ಪಳ ಸೀಮೆಯವನಿಗೆ ಅದರ ಅವಶ್ಯಕತೆಯಾದರೂ ಏನು? ನಮ್ಮಲ್ಲಿ ಬಿಸಿಲೇ ನಿತ್ಯಾಗ್ನಿಹೋತ್ರವನ್ನು ನಡೆಯಿಸುತ್ತಿರುವುದು. ಮಾಗಿಯ ನಾಲ್ಕು ಬೆಳಗುಗಳಲ್ಲಿ ಅಂಗಳದಲ್ಲಿ ಹತ್ತಿಕಟ್ಟಿಗೆಯನ್ನು ಕೂಡಿಸಿ ಮೈ ಕಾಯಿಸಿಕೊಂಡರೆ ಚಳಿಯ ಲೆಕ್ಕ ತೀರಿತು. ಹೀಗಿರಲು, ಎರಡು ವರುಷಗಳ ಹಿಂದೆ, ಮಗಳ ಒತ್ತಾಯಕ್ಕೆ ಕಟ್ಟುಬಿದ್ದು, ಆಕೆ ಶುಶ್ರೂಷಕಿಯಾಗಿ ಕೆಲಸಮಾಡುತ್ತಿರುವ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತಕ್ಕೆ ಹೋಗಿ ಮೂರು ತಿಂಗಳಿದ್ದು ಬಂದೆನು. ಹೊರಟದ್ದು ಚೈತ್ರಮಾಸದಲ್ಲಿ. ಇಲ್ಲಿ ನೆಲವು ಕಾದ ಹಂಚಿನಂತಿದ್ದಾಗ ಅಲ್ಲಿ ನಾನು ಎರಡು ಉಣ್ಣೆಯಂಗಿಗಳನ್ನು ಒಂದರ ಮೇಲೊಂದು ತೊಟ್ಟು ಕುಳಿತಿದ್ದೆನು.

ಮಗಳ ಬಾಡಿಗೆಯ ಮನೆ ನೂರು ವರುಷ ಮೀರಿದ್ದು. ಅದರ ನಡುಮನೆಯ ಗೋಡೆಯಲ್ಲಿ ಕಲ್ಲಿನ ಚೌಕಟ್ಟುಳ್ಳ ಒಂದು ಗೂಡು. ಅದೇ ಅಗ್ಗಿಷ್ಟಿಕೆ. ಬೆಂಕಿ ಉರಿದು ಎಷ್ಟು ವರುಷಗಳಾದವೋ; ಬಾಯಿಗೆ ಹಲಗೆ ಬಡಿದಿದ್ದರು. ಕೋಣೆಯನ್ನು ಕಾಯಿಸುವ ಕೆಲಸ ಬಿಸಿನೀರಿನ ಕೊಳವೆಗಳದು. ಆದರೂ ಮನೆಯ ಪೀಠಗಳೆಲ್ಲವೂ ಆ ಮುಚ್ಚಿದ ಬಾಯಿಯ ಕಡೆಗೇ ಮುಖಮಾಡಿದ್ದವು. ಅದರ ಮೇಲಣ ಕಲ್ಲುಪಟ್ಟಿಯ ಮೇಲೆ ಮಗಳು ಗವಿಸಿದ್ಧೇಶ್ವರನ ಪಟವನ್ನೂ ತನ್ನ ಮಕ್ಕಳ ಛಾಯಾಚಿತ್ರಗಳನ್ನೂ ಇಟ್ಟಿದ್ದಳು. 'ಇಲ್ಲಿಯೇ ಏಕೆ?' ಎಂದು ಕೇಳಿದೆ. 'ಮತ್ತೆಲ್ಲಿ ಇಡಲಪ್ಪಾ, ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ' ಎಂದಳು. ಅಗ್ನಿ ಹೋದರೂ ಅಗ್ನಿಯ ಗದ್ದುಗೆ ಉಳಿದಿತ್ತು.

ಒಂದು ಭಾನುವಾರ ಆಕೆ ನನ್ನನ್ನು ಟ್ಯಾಟರ್‌ಷಲ್ ಎಂಬ ಹಳ್ಳಿಯ ಕೋಟೆಗೆ ಕರೆದೊಯ್ದಳು. ಕೋಟೆಯೆಂದರೆ ನಮ್ಮ ಕೊಪ್ಪಳದಂತೆ ಬೆಟ್ಟದ ನೆತ್ತಿಯಲ್ಲ. ಚಪ್ಪಟೆಯಾದ ಹಸುರು ಬಯಲಿನ ನಡುವೆ ನೂರಡಿಗೂ ಮಿಗಿಲಾಗಿ ಎದ್ದ ಒಂಟಿ ಗೋಪುರ. ಎಲ್ಲವೂ ಕೆಂಪು ಇಟ್ಟಿಗೆ. ಇದನ್ನು ಕಟ್ಟಿಸಿದವನು 1433ರಿಂದ 1443ರವರೆಗೆ ಇಂಗ್ಲೆಂಡಿನ ಕೋಶಾಧ್ಯಕ್ಷನಾಗಿದ್ದ ರಾಲ್ಫ್ ಕ್ರಾಮ್‌ವೆಲ್ ಎಂಬ ಪ್ರಭು. ಇತಿಹಾಸದ ಪಾಠದಲ್ಲಿ ನಾವು ಓದಿದ, ದೊರೆಯ ತಲೆ ತೆಗೆಯಿಸಿದ ಕ್ರಾಮ್‌ವೆಲ್ ಇವನಲ್ಲ. ಅವನು ಎರಡು ಶತಮಾನ ಈಚಿನವನು.

ಸುರುಳಿ ಮೆಟ್ಟಿಲುಗಳನ್ನು ಏರಿ ಏದುಸಿರು ಬಿಡುತ್ತ ಒಂದೊಂದೇ ಅಂತಸ್ತನ್ನು ನೋಡಿದೆನು. ಕೋಣೆಗಳು ಬರಿದು. ಮಂಚವಿಲ್ಲ, ಪೆಟ್ಟಿಗೆಯಿಲ್ಲ. ಆದರೆ ಒಂದರ ಮೇಲೊಂದು ನಾಲ್ಕು ಅಂತಸ್ತುಗಳಲ್ಲಿ ನಾಲ್ಕು ಅಗ್ಗಿಷ್ಟಿಕೆಗಳು. ಕೆಂಪು ಇಟ್ಟಿಗೆಯ ನಡುವೆ ತಿಳಿಬಣ್ಣದ ಕಲ್ಲು. ಕೆಳಗೆ ಒಬ್ಬಾಳು ತಲೆಬಗ್ಗಿಸಿ ಒಳಹೊಗಬಹುದಾದಷ್ಟು ಅಗಲವಾದ ತಗ್ಗು ಕಮಾನು. ಅದರ ಮೇಲೆ ಸಾಲುಸಾಲಾಗಿ ಕೆತ್ತಿದ ಚೌಕಗಳು. ಚೌಕಗಳಲ್ಲಿ ಪ್ರಭುವಿನ ಮನೆತನದ ಮತ್ತು ನಂಟರ ಗುರಾಣಿಗಳು. ಗುರಾಣಿಗಳ ನಡುನಡುವೆ ಹಣದ ಚೀಲ! ಕೋಶಾಧ್ಯಕ್ಷನ ಅಧಿಕಾರದ ಲಾಂಛನವಂತೆ ಅದು. ನಮ್ಮ ದೇಗುಲಗಳಲ್ಲಿ ಕುಬೇರನಿಗೆ ಕೊಟ್ಟ ಚೀಲವನ್ನು ಈ ಪುಣ್ಯಾತ್ಮನು ತಾನೇ ಕೈಗೆತ್ತಿಕೊಂಡಿದ್ದನೆಂದು ನಗು ಬಂದಿತು. ಇನ್ನೊಂದು ವಿಶೇಷವೆಂದರೆ, ಅಲ್ಲಲ್ಲಿ ಒಂದು ಗಿಡವನ್ನು ಕೆತ್ತಿರುವರು. ಅದು ಗ್ರಾಮ್‌ವೆಲ್ ಎಂಬ ಕಾಡುಗಿಡ. ಒಡೆಯ ಕ್ರಾಮ್‌ವೆಲ್, ಗಿಡ ಗ್ರಾಮ್‌ವೆಲ್! ಶಬ್ದಶ್ಲೇಷವು ಕವಿಗಳ ಸೊತ್ತೆಂದು ಪಾಠಶಾಲೆಯಲ್ಲಿ ಕಲಿತಿದ್ದ ನನಗೆ, ಕಲ್ಲುಕುಟಿಗನೂ ಶ್ಲೇಷವನ್ನು ಆಡಬಲ್ಲನೆಂಬುದು ಅಂದು ತಿಳಿಯಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದುದು ಬೇರೊಂದು. ಕಲ್ಲಿನಲ್ಲಿ ಹಳೆಯ ಫ್ರೆಂಚ್ ಭಾಷೆಯ ಮೂರು ನಾಲ್ಕು ಮಾತುಗಳಿದ್ದವು. ಅಲ್ಲಿ ವಿವರಿಸಲು ನಿಂತಿದ್ದ ವೃದ್ಧ ಮಹಿಳೆಯನ್ನು ಮಗಳ ಮೂಲಕ ಕೇಳಲಾಗಿ, ಅದು ಕ್ರಾಮ್‌ವೆಲ್ ಪ್ರಭುವಿನ ಬಿರುದವಾಕ್ಯವೆಂದೂ, 'ನನಗೆ ಹಕ್ಕಿಲ್ಲವೇ?' ಎಂದು ಅದರ ಅರ್ಥವೆಂದೂ ಹೇಳಿದಳು. ನಾನು ಮರುಮಾತನಾಡದೆ ಆ ಕಲ್ಲಿನ ಮುಂದೆ ನಿಂತುಬಿಟ್ಟೆ. ಕಾಲುನೋವೆಂದು ಮಗಳು ತಿಳಿದಳು. ಕಾರಣವನ್ನು ಮುಂದೆ ಹೇಳುವೆನು.

ಆ ದೇಶದವರು ಒಲೆಗಲ್ಲಿನ ಮೇಲೆ ಇಷ್ಟು ಕೆತ್ತನೆಯನ್ನು ಮಾಡಿಸಲು ಕಾರಣವೇನು? ಮೊದಲಿಗೆ ಅವರ ದೊಡ್ಡ ಮನೆಗಳಲ್ಲಿಯೂ ಬೆಂಕಿ ಉರಿಯುತ್ತಿದ್ದುದು ಹಜಾರದ ನಡುನೆಲದಲ್ಲಿ. ಹೊಗೆ ಮಾಡಿನ ಸಂದಿನಿಂದ ಹೊರಹೋಗಬೇಕು. ಸುತ್ತಲೂ ಒಡೆಯನೂ ಆಳುಗಳೂ ಕೂಡಿಯೇ ಕುಳ್ಳಿರುತ್ತಿದ್ದರು. ಬರಬರುತ್ತ ಬೆಂಕಿ ಗೋಡೆಗೆ ಸರಿಯಿತು. ಹೊಗೆಗೆ ಗೋಡೆಯೊಳಗೇ ದಾರಿಯಾಯಿತು. ನಡುವಿನ ಬೆಂಕಿಗೆ ಮುಖವೆಂಬುದಿಲ್ಲ, ಎಲ್ಲ ಕಡೆಯೂ ಮುಖವೇ. ಗೋಡೆಗೆ ಸೇರಿದ ಬೆಂಕಿಗಾದರೋ ಒಂದೇ ಮುಖ. ಮುಖ ಬಂದ ಮೇಲೆ ಅದಕ್ಕೊಂದು ಲಲಾಟ ಬೇಕಾಯಿತು, ಲಲಾಟಕ್ಕೆ ತಿಲಕ ಬೇಕಾಯಿತು. ಮನೆಯ ಒಡೆಯನು ಯಾರು, ಯಾವ ವಂಶದವನು, ಯಾರ ನಂಟ ಎಂಬುದೆಲ್ಲವನ್ನೂ ಬಂದ ಅತಿಥಿಯು ಕೈ ಕಾಯಿಸಿಕೊಳ್ಳುತ್ತ ಓದಿಕೊಳ್ಳಲಿ ಎಂಬುದು ಇಂಗಿತ. ಲ್ಯಾಟಿನ್ ಭಾಷೆಯಲ್ಲಿ ಒಲೆಗೆ 'ಫೋಕಸ್' ಎನ್ನುವರು. ಇಂದು ದೃಷ್ಟಿಯ ಕೇಂದ್ರವನ್ನು ಹೇಳುವುದಕ್ಕೆ ಬಳಸುವ ಶಬ್ದವು ಅದೇ.

ನಮ್ಮ ಒಲೆಗೆ ಈ ಯೋಗವಿಲ್ಲ. ಅಗ್ನಿಯ ಗೌರವದಲ್ಲಿ ನಾವು ಯಾರಿಗೆ ಕಡಮೆ? ಗಾರ್ಹಪತ್ಯಕ್ಕೆ ದುಂಡು ಕುಂಡ, ಆಹವನೀಯಕ್ಕೆ ಚೌಕ, ದಕ್ಷಿಣಾಗ್ನಿಗೆ ಅರ್ಧಚಂದ್ರ ಎಂದು ಅಳತೆಮಾಡಿ ವಿಧಿಸಿದವರು ನಾವು. ಆದರೆ ಅಡುಗೆಯ ಒಲೆ ಆಗ್ನೇಯ ಮೂಲೆಯಲ್ಲಿ, ಒಳಗಿನ ಕತ್ತಲಲ್ಲಿ. ಬಂದವರು ಅದನ್ನು ನೋಡತಕ್ಕದ್ದಲ್ಲ. ಅದಕ್ಕೆ ಅಲಂಕಾರವೆಂದರೆ ಸೆಗಣಿಯ ಸಾರಣೆ, ನಾಲ್ಕೆಳೆ ರಂಗೋಲಿ. ರೊಟ್ಟಿಯ ಹೊಗೆ ಮಾಳಿಗೆಯ ಬೆಳಕಿಂಡಿಯಲ್ಲಿ ಹೊರಬೀಳುವುದು. ಆದುದರಿಂದ ನಮ್ಮ ಕಲ್ಲುಕುಟಿಗನ ಉಳಿ ಬೇರೊಂದು ಎಡೆಯನ್ನು ಅರಸಿಕೊಂಡಿತು. ಅದು ಬಾಗಿಲು. ಬಿಸಿಲಿನ ನಾಡಿನಲ್ಲಿ ಮನುಷ್ಯನು ಕೂಡುವುದು ಬೆಂಕಿಯ ಮುಂದಲ್ಲ, ಬಾಗಿಲ ಮುಂದಿನ ಕಟ್ಟೆಯ ಮೇಲೆ. ಹೊಸ್ತಿಲಲ್ಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಒಮ್ಮೆಗೇ ಬೆಳಗುವುದೆಂದು ಹೇಳುವ ದೇಹಲೀದೀಪನ್ಯಾಯವು ಹುಟ್ಟಿದುದೂ ಇಂತಹ ನಾಡಿನಲ್ಲಿಯೇ ಸರಿ.

ಈ ಮಾತಿಗೆ ನಿದರ್ಶನ ಬೇಕಾದವರು ದೂರ ಹೋಗಬೇಕಾದುದಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಗೆ ಹೋಗಿ ನಿಂತರೆ ಸಾಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಮಹಾದೇವಾಲಯವದು. ಅಲ್ಲಿಯದು ಬಳಪದ ಜಾತಿಯ ಕಲ್ಲು. ನೆಲದಿಂದ ತೆಗೆದಾಗ ಮೃದುವಾಗಿದ್ದು ಗಾಳಿಯಲ್ಲಿ ಬರಬರುತ್ತ ಗಟ್ಟಿಯಾಗುವ ಈ ಕಲ್ಲು ಸಿಕ್ಕಿದ್ದರಿಂದಲೇ ಚಾಲುಕ್ಯರ ಶಿಲ್ಪಿಗಳು ಅಕ್ಕಸಾಲೆಯ ನಯವನ್ನು ಕಲ್ಲಿನಲ್ಲಿ ತಂದರು. ಆ ಕಾಲದ ದೇಗುಲಗಳಲ್ಲಿ ಬಾಗಿಲುವಾಡಕ್ಕೆ ಒಂದರ ಬದಿಗೊಂದು ಶಾಖೆಗಳನ್ನು ಕಡೆಯುತ್ತಿದ್ದರು: ಎಲೆಬಳ್ಳಿಯದೊಂದು, ಹರಳಿನದೊಂದು, ಕಂಬದಂತಹದೊಂದು, ಸಿಂಹಗಳದೊಂದು. ನಡು ಮೇಲೆ ಲಲಾಟಬಿಂಬ. ಚಿಕ್ಕಂದಿನಲ್ಲಿ ನನ್ನ ಗುರುಗಳು ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ಒಳಗಿನ ದೇವರಿಗೆ ಕೈಮುಗಿಯುವುದಕ್ಕೆ ಮೊದಲು ಬಾಗಿಲನ್ನು ಕೆಳಗಿನಿಂದ ಮೇಲಕ್ಕೆ ಪೂರ್ತಿ ಓದಿ ಹೇಳಬೇಕೆಂದು ನಿಯಮ ಮಾಡಿದ್ದರು. ಓದಿ ಮುಗಿಯುವಷ್ಟರಲ್ಲಿ ಹಸಿವಾಗುತ್ತಿತ್ತು. ಆಗ ಅದು ಶಿಕ್ಷೆಯೆಂದೇ ತೋರುತ್ತಿದ್ದಿತು.

ಇನ್ನು ಟ್ಯಾಟರ್‌ಷಲ್ಲಿನ ಕಲ್ಲುಗಳ ಪ್ರವಾಸಕಥೆ. ಕ್ರಾಮ್‌ವೆಲ್ಲನು ನಿಸ್ಸಂತಾನನಾಗಿ ತೀರಿಕೊಂಡನು. ಕೋಟೆ ಕೈಯಿಂದ ಕೈಗೆ ಹೋಗಿ, ಮಾಡು ಕಳಚಿ, ಹತ್ತೊಂಬತ್ತನೆಯ ಶತಮಾನದ ವೇಳೆಗೆ ಗಾಳಿಮಳೆಗೆ ತೆರೆದ ಟೊಳ್ಳು ಗೋಪುರವಾಗಿದ್ದಿತು. 1911ರಲ್ಲಿ ಅದನ್ನು ಕೊಂಡ ವ್ಯಾಪಾರಿಗಳು ಅಗ್ಗಿಷ್ಟಿಕೆಗಳನ್ನು ಗೋಡೆಯಿಂದ ಕಿತ್ತು ಅಮೆರಿಕಕ್ಕೆ ಸಾಗಿಸುವ ಸನ್ನಾಹದಲ್ಲಿ ತೆಗೆದುಕೊಂಡು ಹೋದರು. ಅಲ್ಲಿಯ ಹೊಸ ಶ್ರೀಮಂತರಿಗೆ ಹಳೆಯ ಮನೆಗಳ ಕಲ್ಲು, ಮರ, ಮೆಟ್ಟಿಲುಗಳೆಂದರೆ ಬಲು ಮೋಹ. ಸುದ್ದಿ ಹರಡಿ ದೇಶದಲ್ಲಿ ಗದ್ದಲವೆದ್ದಿತು. ಆಗ ಮುಂದೆ ಬಂದು ಕೋಟೆಯನ್ನೇ ಕೊಂಡವನು ಯಾರೆಂದು ಬಲ್ಲಿರಿ? 1899ರಿಂದ 1905ರವರೆಗೆ ನಮ್ಮ ದೇಶದಲ್ಲಿ ವೈಸರಾಯನಾಗಿದ್ದ ಲಾರ್ಡ್ ಕರ್ಜನ್! ವಂಗಭಂಗದ ಕರ್ಜನ್ನನೆಂದು ಮಕ್ಕಳಿಗೆ ಮೂವತ್ತು ವರುಷ ಪಾಠ ಹೇಳಿದ ನನಗೆ ಆ ಹೆಸರನ್ನು ಕೇಳಿ ಕಿವಿಯನ್ನು ನಂಬಲಾಗಲಿಲ್ಲ. ಅವನು ಹುಡುಕಿಸಿದಾಗ ಕಲ್ಲುಗಳು ಇನ್ನೂ ಲಂಡನ್ನಿನಲ್ಲಿಯೇ ಇದ್ದವು. ಹಣ ತೆತ್ತು ಬಿಡಿಸಿ, 1912ರಲ್ಲಿ ಹಳ್ಳಿಗೆ ಮರಳಿ ತರಿಸಿ, ಬಿಟ್ಟ ಬಾಯಿಗಳಲ್ಲಿಯೇ ಕೂಡಿಸಿದನು. ಗೋಪುರಕ್ಕೆ ಮಾಡನ್ನೂ ಮಾಡಿಸಿದನು. 1925ರಲ್ಲಿ ಅವನು ತೀರಿಕೊಂಡಾಗ ಕೋಟೆಯು ಅವನ ಉಯಿಲಿನಂತೆ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು. ಈ ಪ್ರಸಂಗದಿಂದ ಆ ದೇಶಕ್ಕೆ ಇನ್ನೊಂದು ಲಾಭವಾಯಿತು. ಪ್ರಾಚೀನ ಸ್ಮಾರಕಗಳನ್ನು ಒಡೆಯನೇ ಹಾಳುಮಾಡಹೊರಟರೂ ತಡೆಯಬಹುದಾದ ಬಲವುಳ್ಳ ಕಾನೂನು 1913ರಲ್ಲಿ ಅಲ್ಲಿ ಜಾರಿಗೆ ಬಂದಿತು.

ಇದೇ ಕರ್ಜನ್ನನು ಭಾರತದಲ್ಲಿದ್ದಾಗ 1904ರಲ್ಲಿಯೇ ಪ್ರಾಚೀನ ಸ್ಮಾರಕ ಸಂರಕ್ಷಣೆಯ ಕಾನೂನನ್ನು ಮಾಡಿಸಿದ್ದನು. ತನ್ನ ದೇಶಕ್ಕೆ ಅಷ್ಟು ಬಲವಾದ ಕಟ್ಟಳೆ ದೊರೆಯುವುದಕ್ಕೆ ಒಂಬತ್ತು ವರುಷ ಮೊದಲು! ವಂಗದೇಶವನ್ನು ಎರಡಾಗಿ ಸೀಳಿದ ಕೈಯೇ ಒಡೆದ ಕಲ್ಲುಗಳನ್ನು ಜೋಡಿಸಿತೆಂಬುದನ್ನು ನಾನು ಇನ್ನೂ ಮನಸ್ಸಿನಲ್ಲಿ ಸರಿಹೊಂದಿಸಿಕೊಂಡಿಲ್ಲ. ಹೊಂದಿಸಲೇಬೇಕೆಂಬ ಹಟವೂ ಇಲ್ಲ. ಆದರೆ ಆ ಕಾನೂನು ಬ್ರಿಟಿಷ್ ಆಡಳಿತದ ಸೀಮೆಗೆ ಸಂಬಂಧಿಸಿದುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಸ್ಥಾಪನೆಯಾದುದು 1914ರಲ್ಲಿ, ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ. ಇಂದು ಇಟಗಿಯ ದೇಗುಲಕ್ಕೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯುಂಟು. ಆದರೆ ಊರೂರಿನ ಹಳೆಯ ಮನೆಗಳ ಬಾಗಿಲುಗಳಿಗೆ ಯಾರ ಕಾವಲು? ಒಡೆಯನ ಕಾವಲೇ ಕಾವಲು. ಒಡೆಯನೇ ಮಾರಿದರೆ?

ನಾನೇ ಮಾರಿದೆನು.

ನಮ್ಮ ಮನೆಯ ತಲೆಬಾಗಿಲಿಗೆ ಕಲ್ಲಿನ ಬಾಗಿಲುವಾಡವಿದ್ದಿತು. ಮುತ್ತಜ್ಜನ ಕಾಲದ್ದು. ಮೇಲೆ ಗಜಲಕ್ಷ್ಮಿ, ಎರಡೂ ಪಕ್ಕದಲ್ಲಿ ಕೆಳಗಿನ ಪೂರ್ಣಕುಂಭದಿಂದ ಹೊರಟು ಮೇಲೇರುವ ಬಳ್ಳಿ, ಬಳ್ಳಿಯ ತಿರುವುಗಳಲ್ಲಿ ಗಿಳಿಗಳು. ಎಡಗಡೆಯ ಮೂರನೆಯ ಗಿಳಿಗೆ ಕೊಕ್ಕಿರಲಿಲ್ಲ. ಎಂಟು ವರುಷದ ಹುಡುಗನಾಗಿದ್ದಾಗ ನಾನು ಹೊಡೆದ ಚಿಣ್ಣಿಯು ತಗುಲಿ ಮುರಿದದ್ದು. ಆ ದಿನ ತಂದೆಯವರು ಉಣ್ಣದೆ ಮಲಗಿದರು. ಇಟಗಿಯ ಕೆತ್ತನೆಗೆ ಹೋಲಿಸತಕ್ಕದ್ದಲ್ಲ ಅದು, ಹಳ್ಳಿಯ ಕೈ. ಆದರೆ ಮೂರು ತಲೆಮಾರಿನ ಸೊಸೆಯಂದಿರು ಸೇರಕ್ಕಿಯನ್ನು ಒದ್ದು ಒಳಗೆ ಬಂದ ಬಾಗಿಲು.

2008ರಲ್ಲಿ ಮಗಳನ್ನು ಶುಶ್ರೂಷಾ ಶಿಕ್ಷಣಕ್ಕೆ ಕಳುಹಿಸಬೇಕಾಯಿತು. ಹೊಲದ ಮೇಲೆ ಆಗಲೇ ಸಾಲವಿದ್ದಿತು. ಮನೆ ಪಾಲಾಗಿ, ಮುಂಭಾಗ ಶಿಥಿಲವಾಗಿ, ಹೇಗೂ ಕೆಡವಬೇಕಾಗಿತ್ತು. ಹಳೆಯ ಸಾಮಾನುಗಳನ್ನು ಕೊಳ್ಳುವವನೊಬ್ಬನು ಲಾರಿಯೊಡನೆ ಬಂದನು. ಬೆಲೆಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಒಂದು ವರುಷದ ಶುಲ್ಕಕ್ಕೆ ಸಾಕಾಯಿತು ಎಂದಷ್ಟೇ ಹೇಳುವೆ. ವಿಧವೆಯಾಗಿ ತೌರಿನಲ್ಲಿಯೇ ಇದ್ದ ನನ್ನ ಹಿರಿಯಕ್ಕ ಹೊರಗೆ ಬಂದಳು. 'ತಮ್ಮಾ, ಬಾಗಿಲಾ ಮಾರ್ತಾರೇನೋ?' ಎಂದಳು. ಆಳುಗಳ ಎದುರಿಗೆ ಕೇಳಿದಳೆಂದು ನನಗೆ ರೇಗಿತು. 'ನನ್ನ ಮನೆ, ನನ್ನ ಬಾಗಿಲು. ನನಗೆ ಹಕ್ಕಿಲ್ಲೇನು?' ಎಂದುಬಿಟ್ಟೆ.

ಅದೇ ಮಾತು, ವಾಚಕರೇ. ಆರು ನೂರು ವರುಷಗಳ ಹಿಂದಿನ ಆ ಕೋಶಾಧ್ಯಕ್ಷನ ಒಲೆಗಲ್ಲಿನಲ್ಲಿ ನನ್ನ ಮಾತನ್ನು ನಾನೇ ಓದಿಕೊಂಡಂತಾಯಿತು.

ಅಕ್ಕ ವಾದಮಾಡಲಿಲ್ಲ. ಮೇಲಿನ ತೊಲೆಗಲ್ಲನ್ನು ಇಳಿಸಿದರು. ಪಕ್ಕದ ಕಲ್ಲುಗಳೆರಡನ್ನೂ ಗೋಣಿಯಲ್ಲಿ ಸುತ್ತಿದರು. ಕೊನೆಗೆ ಹೊಸ್ತಿಲನ್ನು ಮೀಟಲು ಹಾರೆ ತಂದಾಗ ಆಕೆ ಹೋಗಿ ಅದರ ಮೇಲೆ ಕುಳಿತಳು. ಹೊಸ್ತಿಲ ಮೇಲೆ ಕೂಡಬಾರದೆಂದು ಜೀವಮಾನವೆಲ್ಲ ಮಕ್ಕಳನ್ನು ಗದರಿಸಿದವಳು! 'ಉಳಿದದ್ದ ಒಯ್ಯಿರಿ. ಇದರ ಮ್ಯಾಲಿಂದ ನಾ ಏಳಂಗಿಲ್ಲ' ಎಂದಳು. ಕೊಂಡವನು ಸ್ವಲ್ಪ ಹೊತ್ತು ನೋಡಿದನು. ಕೆತ್ತನೆಯಿಲ್ಲದ ಕಲ್ಲೆಂದು ಬಿಟ್ಟುಹೋದನು. ಮುಂದೆ ಸಿಮೆಂಟಿನ ಗೋಡೆಯಾಯಿತು, ಅಂಗಡಿಯಿಂದ ತಂದ ಬಾಗಿಲಾಯಿತು. ಹೊಸ್ತಿಲು ಹಿತ್ತಿಲಿಗೆ ಹೋಯಿತು. ಅಕ್ಕ ಅದನ್ನು ತುಲಸಿಯ ಕಟ್ಟೆಗೆ ಒರಗಿಸಿಕೊಂಡು ಶುಕ್ರವಾರದ ಶುಕ್ರವಾರ ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ನಾನು ಕಂಡೂ ಕಾಣದವನಂತೆ ಇದ್ದೆನು.

ಇಂಗ್ಲೆಂಡಿನಿಂದ ಮರಳಿದ ಮೇಲೆ ಬಾಗಿಲನ್ನು ಹುಡುಕಹೊರಟೆ. ಕರ್ಜನ್ನನ ಗಾಳಿ ತಗುಲಿತ್ತೆಂದರೂ ಸರಿಯೆ. ಕೊಂಡವನ ಅಂಗಡಿ ಮುಚ್ಚಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ದೂರವಾಣಿಯಲ್ಲಿ ಒಂದು ಚಿತ್ರವನ್ನು ತೋರಿಸಿ, 'ಸರ್, ಇದು ನಿಮ್ಮ ಮನೀ ಬಾಗಿಲಾ ಅಲ್ಲೇನ್ರಿ?' ಎಂದನು. ಹೆದ್ದಾರಿಯ ಪಕ್ಕದ ಒಂದು ವಸತಿಗೃಹ. ಇಬ್ಬರೂ ಹೋದೆವು. ಊಟದ ಅಂಗಳದಲ್ಲಿ, ಬಣ್ಣ ಹಚ್ಚಿದ ಗೋಡೆಗೆ ಹೊಂದಿಸಿ ಬಾಗಿಲುವಾಡವನ್ನು ನಿಲ್ಲಿಸಿದ್ದರು. ಹಿಂದೆ ಕೋಣೆಯಿಲ್ಲ, ದಾರಿಯಿಲ್ಲ, ಬರಿಯ ಗೋಡೆ. ಗಜಲಕ್ಷ್ಮಿಗೆ ಎಣ್ಣೆ ಹಚ್ಚಿ ಮಿಂಚಿಸಿದ್ದರು. ಎಡಗಡೆಯ ಮೂರನೆಯ ಗಿಳಿಯನ್ನು ಮುಟ್ಟಿ ನೋಡಿದೆ. ಕೊಕ್ಕಿರಲಿಲ್ಲ. ನವದಂಪತಿಗಳಿಬ್ಬರು ಅದರ ಮುಂದೆ ನಿಂತು ಚಿತ್ರ ತೆಗೆಯಿಸಿಕೊಳ್ಳಲು ಕಾಯುತ್ತಿದ್ದರಾಗಿ ನಾನು ಪಕ್ಕಕ್ಕೆ ಸರಿದೆನು.

ಅಲ್ಲಿಯ ಮೇಲ್ವಿಚಾರಕನು ಸಭ್ಯನು. ಕುಡಿಯಲು ಮಜ್ಜಿಗೆ ತರಿಸಿ, ಒಡೆಯರೊಡನೆ ಮಾತನಾಡಿ, ಅವರು ಹೇಳಿದ ಬೆಲೆಯನ್ನು ಚೀಟಿಯಲ್ಲಿ ಬರೆದು ಕೊಟ್ಟನು. ನನ್ನ ಎರಡು ವರುಷದ ನಿವೃತ್ತಿವೇತನವು ಅದಕ್ಕೆ ಸಾಲದು. ಮಗಳಿಗೆ ತಿಳಿಸಿದರೆ ಕಳುಹಿಸಿಯಾಳು. ಆದರೆ ಅವಳ ಓದಿಗೆಂದು ಹೋದ ಬಾಗಿಲನ್ನು ಅವಳ ದುಡಿಮೆಯಿಂದ ಬಿಡಿಸುವುದೆಂದರೆ ಆ ಸಾಲವನ್ನು ಅವಳ ತಲೆಗೇ ಕಟ್ಟಿದಂತೆ. ಅವಳಿಗೆ ನಾನು ಬರೆಯಲಿಲ್ಲ. ಕೋಟೆಯಲ್ಲಿ ನಾನು ನಿಂತುಬಿಟ್ಟ ಕಾರಣವೂ ಅವಳಿಗೆ ಇಂದಿನವರೆಗೆ ತಿಳಿಯದು. ಈ ಸಂಚಿಕೆಯನ್ನು ಯಾರಾದರೂ ಅವಳಿಗೆ ಕಳುಹಿಸದಿದ್ದರೆ ಮುಂದೆಯೂ ತಿಳಿಯಲಾರದು.

ಊರಿಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆನು. ಅವಳಿಗೆ ಈಗ ಎಪ್ಪತ್ತೆಂಟು. ಕಣ್ಣು ಮಂಜು. 'ಗಿಳಿ ಅದಾವೇನು?' ಎಂದು ಕೇಳಿದಳು. ಇವೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಇರಲಿ ಬಿಡು. ಹೊಸ್ತಲಾ ಹಿತ್ತಲದಾಗ ಎಷ್ಟ ದಿನಾ ಇಡ್ತಿ?' ಎಂದಳು.

ಮರುದಿನ ಗೌಂಡಿಯನ್ನು ಕರೆತಂದೆನು. ಅವನು ನೂಲು ಹಿಡಿದು ಅಳೆದನು. ಕಲ್ಲು ನಾಲ್ಕೂವರೆ ಅಡಿ. ಈಗಿನ ಬಾಗಿಲು ಮೂರೂಕಾಲು. 'ಗೋಡೀ ಒಡೀಬೇಕಾಕ್ಕೈತ್ರಿ ಮಾಸ್ತರ. ಇಲ್ಲಾಂದ್ರ ಕಲ್ಲ ಕೊಯ್ಯಬೇಕು' ಎಂದನು. ಒಳಗಿನಿಂದ ಅಕ್ಕ ಕೆಮ್ಮಿದಳು. ಗೋಡೆಯನ್ನೇ ಒಡೆಯುವುದೆಂದು ಹೇಳಿ ಸಂಚಕಾರ ಕೊಟ್ಟಿದ್ದೇನೆ. ಅಮಾವಾಸ್ಯೆ ಕಳೆದ ಮೂರನೆಯ ದಿನ ಇಬ್ಬರು ಆಳುಗಳೊಡನೆ ಬರುವೆನೆಂದು ಹೇಳಿ ಹೋಗಿರುವನು.